ತಾರಸಿಯ ಬಿಸಿಲು – ಕಂತು ಒಂಬತ್ತು: ಮಡಿಸಿಟ್ಟ ಟಾರ್ಪಾಲು

"ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಬಂದವನು ಇಷ್ಟು ಅಚ್ಚುಕಟ್ಟಾಗಿ ಪಟ್ಟಿ ಕಟ್ಟಿ ಹೋಗ್ತಾನಾ, ಮೇಷ್ಟ್ರೇ?"

ವಿಮೆ ಅಕ್ಕ ತಾರಸಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಅಂಗೈಯಲ್ಲಿ ಕತ್ತರಿಸಿದ ಕೇಬಲ್ಲಿನ ತುಂಡುಗಳಿದ್ದವು. ಕತ್ತರಿ ಬಿದ್ದ ಎರಡೂ ತುದಿಗೆ ಯಾರೋ ಕಪ್ಪು ಟೇಪು ಸುತ್ತಿದ್ದರು. ಅವಸರದ ಸುತ್ತಲ್ಲ. ಮಗು ಬೆರಳು ಕುಯ್ದುಕೊಂಡಾಗ ತಾಯಿ ಬಟ್ಟೆ ಸುತ್ತುತ್ತಾಳಲ್ಲ, ಹಾಗೆ ಸುತ್ತಿನ ಮೇಲೆ ಸುತ್ತು ಕೂರಿಸಿ, ಕೊನೆಯನ್ನು ಬೆರಳಿನಿಂದ ಒತ್ತಿ ಅಂಟಿಸಿದ್ದು.

ಮೇಷ್ಟ್ರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನಿನ್ನೆ ಸಂಜೆ ಯಾರೋ ಸೋಲಾರ್ ಪ್ಯಾನೆಲ್‌ಗಳ ಕೇಬಲ್ ಕತ್ತರಿಸಿ ಹೋದಾಗಿನಿಂದ ಅವರ ಮುಖದಲ್ಲಿ ಕಳೆಯಿರಲಿಲ್ಲ.

"ಡೀಸೆಲಣ್ಣನೇ," ಎಂದರು. "ಇನ್ಯಾರಿಗೆ ಲಾಭ ಹೇಳಿ?"

"ಲಾಭದ ಮಾತು ಆಮೇಲೆ. ಈ ಕೈ ಯಾರದು ಅಂತ ಮೊದಲು ನೋಡೋಣ. ಇದು ಸಿಟ್ಟಿನ ಕೈ ಅಲ್ಲ."

ವಿಮಾ ಕಂಪನಿಯಲ್ಲಿ ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮುಗಳ ನಿಜ ಸುಳ್ಳು ಹುಡುಕುವ ಕೆಲಸದಲ್ಲೇ ತಲೆ ನೆರೆಸಿಕೊಂಡವಳು ಅವಳು. ನಿವೃತ್ತಿಯಾಗಿ ಈ ಬೀದಿಗೆ ಬಂದ ಮೇಲೆ ಕಳೆದ ಬೆಕ್ಕಿನಿಂದ ಹಿಡಿದು ಮುರಿದ ಮದುವೆ ಮಾತಿನವರೆಗೆ ಎಲ್ಲದಕ್ಕೂ ಅವಳನ್ನೇ ಕರೆಯುತ್ತಿದ್ದರು. ಹೆಸರು ಹಿಡಿದು ಕೂಗಿದವರು ಕಡಿಮೆ. ದೊಡ್ಡವರಿಗೂ ಮಕ್ಕಳಿಗೂ ಅವಳು ವಿಮೆ ಅಕ್ಕ.

ಈ ಕಟ್ಟಡದಲ್ಲಿ ಕೆಳಗೆ ಹೆಂಗಸರ ಸಂಘದ ಲಾಂಡ್ರಿ. ಆಸ್ಪತ್ರೆಯ ಹಾಸು ಹೊದಿಕೆಗಳೆಲ್ಲ ಇಲ್ಲಿಗೇ ಒಗೆಯಲು ಬರುತ್ತವೆ. ಲಾಂಡ್ರಿಯ ಮೇಲೆ ಆ ಹೆಂಗಸರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಕೋಣೆ. ಅದರ ಮೇಲೆ ತಾರಸಿ.

ಹಿಂದೆ ಕೆಳಗೊಂದು ಕಲ್ಲಿದ್ದಲಿನ ಒಲೆಯಿತ್ತು. ನೀರು ಕಾಯಿಸುವ ಹೊಗೆ ಕುಡಿದೂ ಕುಡಿದೂ ಹೆಂಗಸರು ಮಾತಿಗಿಂತ ಕೆಮ್ಮುವುದೇ ಹೆಚ್ಚಾಗಿತ್ತು. ಜನ ಸೇರಿ ನಡೆಸುವ ಶುದ್ಧ ಇಂಧನದ ಕೆಲಸಗಳಿಗೆ ಸರ್ಕಾರ ಅನುದಾನ ಕೊಡುತ್ತದಂತೆ ಎಂಬ ಸುದ್ದಿಯನ್ನು ಬೀದಿಗೆ ತಂದವರು ಮೇಷ್ಟ್ರು. ಭೂಗೋಳ ಪಾಠ ಮಾಡುತ್ತಿದ್ದ ಮನುಷ್ಯ ಸಂಘದ ಕಾರ್ಯದರ್ಶಿಯಾಗಿ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ್ದರು. ಮೊದಲ ಹಂತದ ಅನುದಾನದಲ್ಲಿ ಅರ್ಧ ತಾರಸಿಗೆ ಪ್ಯಾನೆಲ್ ಬಂದವು. ಒಲೆ ಹೋಯಿತು, ಅದರ ಹಿಂದೆಯೇ ಕೆಮ್ಮೂ ಹೋಯಿತು.

ಎರಡನೆಯ ಹಂತ ಸಿಕ್ಕರೆ ಉಳಿದರ್ಧ ತಾರಸಿಗೂ ಪ್ಯಾನೆಲ್, ಬಿಸಿನೀರಿನ ದೊಡ್ಡ ಟ್ಯಾಂಕುಗಳು, ಹೊಸ ಯಂತ್ರಗಳು. ಕೆಲಸಕ್ಕಾಗಿ ಬಾಗಿಲಲ್ಲಿ ಕಾದಿರುವ ಅಷ್ಟೂ ಹೆಂಗಸರಿಗೆ ಜಾಗ. ಆದರೆ ಅದಕ್ಕೊಂದು ಷರತ್ತು ಇತ್ತು. ಇಂದು ಮಧ್ಯಾಹ್ನ ಬರುವ ಪರಿಶೀಲನಾಧಿಕಾರಿಯ ಕಣ್ಣೆದುರಿಗೆ ಯಂತ್ರಗಳು ಬಿಸಿಲಿನಲ್ಲೇ ಓಡಬೇಕು. ಓಡದಿದ್ದರೆ ಅವಕಾಶ ಸರದಿಯಲ್ಲಿ ಮುಂದಿರುವ ಬೀದಿಗೆ ಹೋಗುತ್ತದೆ.

ಎಲೆಕ್ಟ್ರಿಷಿಯನ್ ಬೆಳಿಗ್ಗೆಯೇ ಹೊಸ ಕೇಬಲ್ ಎಳೆದು ಹೋಗಿದ್ದ. ಯಂತ್ರಗಳು ಓಡುತ್ತಿದ್ದವು. ಮೇಷ್ಟ್ರ ಭಯ ಬೇರೆ. ಒಮ್ಮೆ ಕತ್ತರಿಸಿದವನು ಸಾಹೇಬರು ಬರುವ ಹೊತ್ತಿಗೆ ಇನ್ನೊಮ್ಮೆ ಕತ್ತರಿಸಿದರೆ? ಅಷ್ಟರೊಳಗೆ ಆ ಕೈ ಯಾರದೆಂದು ಹಿಡಿದುಕೊಡಬೇಕು ಎಂದು ಅವರು ವಿಮೆ ಅಕ್ಕನ ಎದುರು ಕೈಮುಗಿದೇ ನಿಂತಿದ್ದರು.

ತಾರಸಿಯ ಖಾಲಿ ಭಾಗದಲ್ಲಿ ಒಂದು ದೊಡ್ಡ ಟ್ಯಾಂಕ್ ಕೂತಿತ್ತು. ಸಾಹೇಬರಿಗೆ ತೋರಿಸಲೆಂದು ಮಾರುವವರಿಂದ ಮಾದರಿಗೆ ಬೆಳಿಗ್ಗೆ ತರಿಸಿದ್ದು. ಖಾಲಿ ಟ್ಯಾಂಕ್ ತೋರಿಸಿದರೆ ಚೆನ್ನಾಗಿರುವುದಿಲ್ಲ, ನೀರು ತುಂಬಿಸಿಯೇ ತೋರಿಸುತ್ತೇನೆ ಎಂದು ಮೇಷ್ಟ್ರು ಮಗುವಿನ ಉತ್ಸಾಹದಲ್ಲಿ ಹೇಳಿದರು.

ವಿಮೆ ಅಕ್ಕ ಮೊಣಕಾಲು ಹಿಡಿದುಕೊಂಡು ಎದ್ದಳು. ಪ್ಯಾನೆಲ್‌ಗಳ ಕೆಳಗೆ ಇಣುಕುತ್ತ ಹೋದಳು. ಕೊನೆಯ ಸಾಲಿನ ಕಬ್ಬಿಣದ ಕಾಲಿಗೆ ಒರಗಿಸಿ ಯಾರೋ ಒಂದು ನೀಲಿ ಟಾರ್ಪಾಲು ಮಡಿಸಿ ಇಟ್ಟಿದ್ದರು. ಬಟ್ಟೆ ಸಾಗಿಸುವ ಗಾಡಿಗೆ ಹೊದಿಸುವ, ಅಗಲವಾದ, ದಪ್ಪನೆಯ ಟಾರ್ಪಾಲು.

"ಇದು ಇಲ್ಲೇಕೆ ಬಂತು?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆದರೆ ಅಲ್ಲೇ ಪ್ಯಾನೆಲ್ ಒರೆಸುತ್ತಿದ್ದ ಹೆಣ್ಣುಮಗಳ ಕೈ ಒಂದು ಕ್ಷಣ ನಿಂತು, ಮತ್ತೆ ಒರೆಸತೊಡಗಿತು.

ಅವಳು ಲಾಂಡ್ರಿಯ ಹಿರಿಯಳಾದ ದೊಡ್ಡಮ್ಮನ ಸೊಸೆ. ಮೇಷ್ಟ್ರು ಅರ್ಜಿ ಬರೆಯುವಾಗ ಅವರಿಗೆ ಬಲಗೈಯಾಗಿದ್ದವಳು. ಸಾಹೇಬರಿಗೆ ಎಲ್ಲವನ್ನೂ ವಿವರಿಸುವ ಜವಾಬ್ದಾರಿಯೂ ಅವಳದೇ. ಎರಡನೆಯ ಹಂತ ಬಂದರೆ ಹೊಸ ಯಂತ್ರಗಳ ಉಸ್ತುವಾರಿ ಅವಳಿಗೇ ಎಂದು ಸಂಘದಲ್ಲಿ ಮಾತಾಗಿತ್ತು. ಗಂಡ ಬಿಟ್ಟು ಹೋದ ಮೇಲೂ ಅತ್ತೆಯ ಜೊತೆಗೇ ಉಳಿದವಳು. ಇಬ್ಬರೂ ತಾಯಿಮಕ್ಕಳಿಗಿಂತ ಹೆಚ್ಚು ಎಂದು ಬೀದಿಯೇ ಹೇಳುತ್ತಿತ್ತು.

"ಅಕ್ಕ," ಎಂದಳು ಒರೆಸುತ್ತಲೇ, ತಲೆಯೆತ್ತದೆ. "ಸಿಕ್ಕಿಬಿದ್ರೆ ಅವರಿಗೆ ಏನು ಮಾಡ್ತಾರೆ?"

"ಯಾಕೆ ಮಾಡಿದ್ರು ಅನ್ನೋದರ ಮೇಲೆ ಹೋಗುತ್ತಮ್ಮ."

ಸೊಸೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

ವಿಮೆ ಅಕ್ಕ ಟಾರ್ಪಾಲನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದಳು. ತಾರಸಿ ಬಾಗಿಲ ಬೀಗ ಮುರಿದಿರಲಿಲ್ಲ, ಒಂದು ಗೀಚು ಕೂಡ ಇರಲಿಲ್ಲ. ಬೀಗದ ಕೈ ಇದ್ದದ್ದು ಮೇಷ್ಟ್ರ ಜೇಬಿನಲ್ಲೊಂದು, ದೊಡ್ಡಮ್ಮನ ಸೊಂಟದಲ್ಲೊಂದು.

ಆದರೂ ಅವಳು ಮೊದಲು ಹೋದದ್ದು ಡೀಸೆಲಣ್ಣನ ಷೆಡ್ಡಿಗೆ. ಎಲ್ಲರ ಬೆರಳೂ ಒಬ್ಬನ ಕಡೆಗೇ ತಿರುಗಿರುವಾಗ ಅವನ ಬಾಯಿಂದಲೂ ಒಂದು ಮಾತು ಕೇಳಬೇಕು ಎನ್ನುವುದು ಅವಳ ಹಳೆಯ ಪದ್ಧತಿ.

ಡೀಸೆಲಣ್ಣ ಜನರೇಟರ್ ಬಾಡಿಗೆಗೆ ಕೊಡುವವನು. ತಾರಸಿಗೆ ಪ್ಯಾನೆಲ್ ಬಂದ ಮೇಲೆ ಲಾಂಡ್ರಿಯ ಗಿರಾಕಿ ಕೈತಪ್ಪಿದ್ದಲ್ಲದೆ ಅಕ್ಕಪಕ್ಕದವರೂ ಒಬ್ಬೊಬ್ಬರಾಗಿ ಕೈಬಿಟ್ಟಿದ್ದರು. ಎಣ್ಣೆ ಮೆತ್ತಿದ ಸ್ಟೂಲನ್ನು ತನ್ನ ಅಂಗಿಯಿಂದಲೇ ಒರೆಸಿ ಕೂರಿಸಿದ. ಬೆಳಿಗ್ಗೆಯಿಂದ ಟೀ ಅಂಗಡಿಯಲ್ಲಿ ಯಾರೂ ತನ್ನ ಪಕ್ಕ ಕೂರುತ್ತಿಲ್ಲ, ಹೆಂಡತಿ ಕೂಡ ನಿಜ ಹೇಳು ಅಂತಾಳೆ ಎಂದು ಅಳಲು ತೋಡಿಕೊಂಡ.

ವಿಮೆ ಅಕ್ಕ ಟೇಪು ಸುತ್ತಿದ ತುಂಡನ್ನು ತೋರಿಸಿದಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಿಟ್ಟುಸಿರುಬಿಟ್ಟ.

"ನಾನು ಕತ್ತರಿಸಿದ್ರೆ ಇಷ್ಟೊಂದು ಟೇಪು ಸುತ್ತುತ್ತಿದ್ದೆನಾ ಅಕ್ಕ? ನನ್ನ ಜನರೇಟರ್ ವೈರಿಗೇ ನಾನು ಪ್ಲಾಸ್ಟಿಕ್ ಚೀಲ ಕಟ್ಟೋನು."

ನಗು ತಡೆಯಲಾಗಲಿಲ್ಲ ವಿಮೆ ಅಕ್ಕನಿಗೆ. ಅವನ ತಲೆಯ ಮೇಲೆ ನೇತಾಡುತ್ತಿದ್ದ ತಂತಿಗಳಿಗೆಲ್ಲ ನಿಜವಾಗಿಯೂ ಬಣ್ಣಬಣ್ಣದ ಚೀಲಗಳಿದ್ದವು.

ಅವಳು ಹೊರಡುವಾಗ ಡೀಸೆಲಣ್ಣ ಬಾಗಿಲವರೆಗೆ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ. ಜನರೇಟರ್ ಬಿಟ್ಟು ಸೋಲಾರ್ ಇಟ್ಟುಕೊಳ್ಳುವವರಿಗೂ ಸರ್ಕಾರ ಏನಾದರೂ ಕೊಡುತ್ತದೆಯೇ ಎಂದು ಮೇಷ್ಟ್ರ ಹತ್ತಿರ ಕೇಳಬೇಕಂತೆ. ತಾನೇ ಕೇಳಲು ನಾಚಿಕೆ. ಸಾಹೇಬರು ಹೋದ ಮೇಲೆ ಅಕ್ಕನೇ ಮೆಲ್ಲಗೆ ಮಾತು ತೆಗೆಯಬೇಕಂತೆ. ಅನುದಾನವೇ ನಿಂತುಹೋಗಲಿ ಎನ್ನುವವನು ಕೇಳುವ ಪ್ರಶ್ನೆಯಲ್ಲ ಅದು. ವಿಮೆ ಅಕ್ಕ ಅವನನ್ನು ಅಲ್ಲೇ ಮನಸ್ಸಿನಿಂದ ಬಿಟ್ಟುಬಿಟ್ಟಳು.

ಲಾಂಡ್ರಿಯಲ್ಲಿ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಸಾಬೂನಿನ ಹಬೆಗೆ ವಿಮೆ ಅಕ್ಕನ ಕನ್ನಡಕ ಮಂಜಾಯಿತು. ಒರೆಸಿಕೊಂಡು ಬಾಗಿಲ ಪಕ್ಕದಲ್ಲೇ ನಿಂತಳು.

ಹೆಂಗಸರು ಇಬ್ಬಿಬ್ಬರಾಗಿ ಹಾಸುಗಳನ್ನು ಮಡಿಸುತ್ತಿದ್ದರು. ಎದುರುಬದುರು ನಿಂತು ಮೂಲೆಗಳನ್ನು ಹಿಡಿದು, ಒಮ್ಮೆ ಗಾಳಿಯಲ್ಲಿ ಒದರಿ, ಅಂಚಿಗೆ ಅಂಚು ಕೂಡಿಸಿ, ಒಬ್ಬರಿಗೊಬ್ಬರು ನಡೆದು ಬಂದು ಕೈಯಿಂದ ಕೈಗೆ ಕೊಡುವುದು. ಕೊಟ್ಟವಳು ಬಗ್ಗಿ ಕೆಳಗಿನ ಮಡಿಕೆ ಹಿಡಿಯುವುದು. ಮತ್ತೆ ದೂರ, ಮತ್ತೆ ಹತ್ತಿರ. ಕೊನೆಗೆ ತೆರೆದ ಅಂಚನ್ನು ಒಳಗೆ ತೂರಿಸಿ ಅಂಗೈಯಿಂದ ಸವರಿ ಇಡುವುದು. ಬಾಯಲ್ಲಿ ನಾದಿನಿಯ ದೂರು, ಸೊಪ್ಪಿನ ಬೆಲೆ, ಕೈ ಮಾತ್ರ ತನ್ನ ಪಾಡಿಗೆ ತಾನು. ಅಲ್ಲಿ ಯಾವ ಬಟ್ಟೆಯೂ ಮುದ್ದೆಯಾಗಿ ಬಿದ್ದಿರಲಿಲ್ಲ. ಕೈ ಒರೆಸುವ ಚಿಂದಿಯನ್ನು ಕೂಡ ಯಾರೋ ಮಡಿಸಿಟ್ಟಿದ್ದರು.

ವಿಮೆ ಅಕ್ಕ ಕಂಕುಳಲ್ಲಿದ್ದ ಟಾರ್ಪಾಲಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ಒಳಗೆ ಇಣುಕಿದಳು. ಅಷ್ಟು ದೊಡ್ಡದನ್ನು ಒಬ್ಬರೇ ಮಡಿಸಬೇಕಾದರೆ ನೆಲಕ್ಕೆ ಹಾಸಿಯೇ ಮಡಿಸಬೇಕು. ತಾರಸಿಯ ಧೂಳು ಮಡಿಕೆಯೊಳಗೆ ಸೇರಲೇಬೇಕು. ಒಳಗೆ ಒಂದು ಕಾಳು ಮಣ್ಣೂ ಇರಲಿಲ್ಲ.

ಇದನ್ನು ಮಡಿಸಿದ್ದು ಇಬ್ಬರು. ಕಳ್ಳನನ್ನು ಹಿಡಿಯುವಾಗ ಬರುವ ಖುಷಿಯ ಸುಳಿವೂ ಅವಳಲ್ಲಿರಲಿಲ್ಲ.

ಇಸ್ತ್ರಿಯ ಕೋಣೆಯಲ್ಲಿ ದೊಡ್ಡಮ್ಮ ಒಬ್ಬಳೇ ಇದ್ದಳು. ಆಸ್ಪತ್ರೆಯ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ವಯಸ್ಸಾದ, ಗಟ್ಟಿ ಮೈಕಟ್ಟಿನ ಹೆಂಗಸು. ಬಿಸಿನೀರಿನಲ್ಲಿ ಬೆಂದ ಕೈಗಳು ಮೊಣಕೈವರೆಗೆ ಬೇರೆಯೇ ಬಣ್ಣ. ಹೊಸದಾಗಿ ಕೆಲಸಕ್ಕೆ ಬಂದವಳು ಅತ್ತರೆ ತನ್ನ ಊಟದ ಡಬ್ಬಿ ತೆಗೆದು ಮುಂದಿಡುವವಳು.

"ಬಾ ಮಗಳೇ. ಸಿಕ್ಕಿದನಾ?" ಎಂದಳು.

ವಿಮೆ ಅಕ್ಕ ಬಾಗಿಲು ಮುಂದೆ ಮಾಡಿದಳು. ಟಾರ್ಪಾಲನ್ನು ಪೂರ್ತಿ ಬಿಚ್ಚಿ ಎರಡು ಮೂಲೆ ಹಿಡಿದುಕೊಂಡಳು.

"ದೊಡ್ಡಮ್ಮ, ಆ ಕಡೆ ಸ್ವಲ್ಪ ಹಿಡ್ಕೊ. ಒಬ್ಬಳಿಗೆ ಆಗೋದಿಲ್ಲ."

ದೊಡ್ಡಮ್ಮ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು ಮೂಲೆ ಹಿಡಿದಳು. ಕೈ ತಾನಾಗಿಯೇ ಒದರಿತು. ಅಂಚಿಗೆ ಅಂಚು ಕೂಡಿತು. ಇಬ್ಬರೂ ಹತ್ತಿರ ಬಂದರು, ದೂರ ಸರಿದರು. ದೊಡ್ಡಮ್ಮ ಬಗ್ಗಿ ಮಡಿಕೆ ಹಿಡಿದಳು, ತೆರೆದ ಅಂಚನ್ನು ಒಳಗೆ ತೂರಿಸಿದಳು, ಅಂಗೈಯಿಂದ ಸವರಿದಳು.

ಸವರುತ್ತಿದ್ದ ಅಂಗೈ ಅಲ್ಲೇ ನಿಂತಿತು.

ಒಂದು ಮಡಿಕೆಯೂ ಹೊಸದಾಗಿ ಬಿದ್ದಿರಲಿಲ್ಲ. ಟಾರ್ಪಾಲಿನ ಮೇಲೆ ಮೊದಲೇ ಮೂಡಿದ್ದ ಗೆರೆಗಳ ಮೇಲೆಯೇ ಒಂದೊಂದಾಗಿ ಹೋಗಿ ಕೂತಿದ್ದವು.

"ಬಿಸಿಲಿರೋವರೆಗೆ ಪ್ಯಾನೆಲ್ಲಿನಲ್ಲಿ ಕರೆಂಟ್ ಇರುತ್ತೆ," ಎಂದಳು ವಿಮೆ ಅಕ್ಕ ಮೆಲ್ಲಗೆ. "ಅದಕ್ಕೇ ಮೊದಲು ಹೊದಿಸಿದ್ರು. ಕತ್ತರಿಸಿ ಆದ ಮೇಲೆ, ಬೆಳಿಗ್ಗೆ ಯಾರಾದ್ರೂ ಕೈ ತಾಗಿಸಿಯಾರು ಅಂತ ತುದಿಗೆ ಟೇಪು ಸುತ್ತಿದ್ರು. ಆಮೇಲೆ ಓಡಿಹೋಗಬೇಕಿತ್ತು. ಇದನ್ನ ಅಲ್ಲೇ ಬಿಸಾಕಿ ಓಡಿಹೋಗಿದ್ರೆ ನನಗೆ ಏನೂ ಗೊತ್ತಾಗ್ತಿರಲಿಲ್ಲ ದೊಡ್ಡಮ್ಮ. ಮಡಿಸಿಟ್ರು."

ದೊಡ್ಡಮ್ಮ ಟಾರ್ಪಾಲನ್ನೇ ನೋಡುತ್ತ ನಿಂತಳು. ಆಮೇಲೆ ಸಣ್ಣಗೆ ನಕ್ಕಳು.

"ಬಟ್ಟೆನ ಹಾಗೇ ಬಿಟ್ಟು ಬರೋಕೆ ಈ ಕೈಗೆ ಬರೋದಿಲ್ಲ ಕಣೆ."

"ಎರಡು ಕೈ ಅಲ್ಲ, ನಾಲ್ಕು ಕೈ."

"ನಾನೊಬ್ಬಳೇ."

"ದೊಡ್ಡಮ್ಮ."

"ನಾನೊಬ್ಬಳೇ ಅಂದೆನಲ್ಲ. ಸೊಸೆ ಹೆಸರು ಎತ್ತಬೇಡ. ಬೇಡ ಬೇಡ ಅಂತ ಅಳ್ತಾನೇ ಇದ್ದಳು. ನಾನೇ ಎಳ್ಕೊಂಡು ಹೋದೆ."

ವಿಮೆ ಅಕ್ಕ ಸ್ಟೂಲು ಎಳೆದು ಅವಳನ್ನು ಕೂರಿಸಿದಳು, ತಾನು ಬಟ್ಟೆಯ ಗಂಟಿನ ಮೇಲೆ ಕೂತಳು. ಯಾಕೆ ಎಂದು ಕೇಳಲಿಲ್ಲ. ಕೇಳದೆ ಕಾದರೆ ತಾನಾಗಿ ಬರುವ ಮಾತೇ ನಿಜವಾದ ಮಾತು ಎಂದು ಅವಳಿಗೆ ಗೊತ್ತಿತ್ತು.

ದೊಡ್ಡಮ್ಮ ಹೇಳತೊಡಗಿದಳು. ಮೊದಲ ಹಂತದ ಪ್ಯಾನೆಲ್ ಕೂತ ಕೆಲವು ವಾರಕ್ಕೆ ಮಕ್ಕಳ ಕೋಣೆಯ ಸೂರಿನಲ್ಲಿ ಒಂದು ಬಿರುಕು ಕಂಡಿತ್ತು. ಮೊದಲು ಕೂದಲೆಳೆಯಷ್ಟು. ನೋಡನೋಡುತ್ತ ಫ್ಯಾನಿನ ಕೊಂಡಿಯಿಂದ ಗೋಡೆಯವರೆಗೆ ಬೆಳೆಯಿತು. ಅವಳು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಎಂಜಿನಿಯರನ್ನು ಕರೆಸಿದರು. ಬಂದವನು ಮೆಟ್ಟಿಲು ಕೂಡ ಹತ್ತಲಿಲ್ಲ. ಬೀದಿಯಲ್ಲೇ ನಿಂತು ಕುತ್ತಿಗೆ ಎತ್ತಿ ನೋಡಿ, ಗಾರೆ ಬಿಟ್ಟಿದೆ ಅಷ್ಟೇ ಎಂದು ಹೇಳಿ ಹೋದ. ಮತ್ತೆ ಹೇಳಿದರೆ ಮೇಷ್ಟ್ರು, ಅನುದಾನ ಒಂದು ಕೈಗೆ ಬರಲಿ ದೊಡ್ಡಮ್ಮ, ಆಮೇಲೆ ರಿಪೇರಿ ಮಾಡಿಸೋಣ ಎಂದರಂತೆ. ಅವರ ಮನಸ್ಸಿನಲ್ಲಿ ಕಪಟವಿಲ್ಲ, ಕಣ್ಣಿನಲ್ಲಿ ಆ ಟ್ಯಾಂಕುಗಳನ್ನು ಬಿಟ್ಟು ಬೇರೇನೂ ಇಲ್ಲ ಅಷ್ಟೆ ಎಂದಳು ದೊಡ್ಡಮ್ಮ.

"ಬೇರೆಯವರಿಗೆ ಹೇಳಬೇಕಿತ್ತು."

"ಯಾರಿಗೆ ಹೇಳಲಿ? ಆ ಹೊಗೆಯಿಂದ ಈಗ ತಾನೇ ಹೊರಗೆ ಬಂದಿದ್ದಾರೆ. ಬಾಗಿಲಲ್ಲಿ ಇನ್ನಷ್ಟು ಜನ ಕೆಲಸ ಕೊಡಿ ಅಂತ ನಿಂತಿದ್ದಾರೆ. ಅವರ ತುತ್ತಿಗೆ ನಾನೇ ಕಲ್ಲು ಹಾಕಲಾ? ಈ ಸಲ ತಪ್ಪಿದ್ರೆ ಮುಂದಿನ ವರ್ಷ ಮತ್ತೆ ಅರ್ಜಿ ಕರೀತಾರೆ. ಅಷ್ಟರಲ್ಲಿ ಸೂರು ಗಟ್ಟಿ ಮಾಡ್ಕೊಂಡ್ರೆ ಆಯ್ತು ಅಂದುಕೊಂಡೆ." ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಟ್ಯಾಂಕ್ ಕೂರೋದು ಅದೇ ಜಾಗದ ಮೇಲೆ. ಕೆಳಗೆ ಮಕ್ಕಳು ಮಲಗಿರ್ತಾವೆ. ನನ್ನ ಮೊಮ್ಮಗಳೂ ಅಲ್ಲೇ."

ವಿಮೆ ಅಕ್ಕ ಗಂಟಿನ ಮೇಲಿಂದ ಎದ್ದುಬಿಟ್ಟಳು. ಟ್ಯಾಂಕ್ ಮುಂದೆಂದೋ ಕೂರುವುದಲ್ಲ. ಒಂದು ಆಗಲೇ ಕೂತಿದೆ.

ಅದನ್ನು ಮಾದರಿಗೆಂದು ಬೆಳಿಗ್ಗೆ ಏರಿಸಿದ್ದು ದೊಡ್ಡಮ್ಮನಿಗೆ ಗೊತ್ತೇ ಇರಲಿಲ್ಲ. ಇಸ್ತ್ರಿಯ ಕೋಣೆ ಬಿಟ್ಟು ಅವಳು ಹೊರಗೆ ಬಂದಿರಲಿಲ್ಲ. ಕೇಳಿದ ತಕ್ಷಣ ಎದ್ದು ನಡೆದುಬಿಟ್ಟಳು. ವಿಮೆ ಅಕ್ಕನಿಗೆ ಅವಳ ಹಿಂದೆ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು.

ಮಕ್ಕಳ ಕೋಣೆಯಲ್ಲಿ ಊಟ ಮುಗಿದು ನಿದ್ದೆಯ ಹೊತ್ತು. ಕಿಟಕಿಗೆ ಹಳೆಯ ಹಾಸುಗಳನ್ನೇ ಪರದೆಯಾಗಿ ಬಿಟ್ಟಿದ್ದರು. ಚಾಪೆಗಳ ಮೇಲೆ ಮಕ್ಕಳು ಒಂದೊಂದು ದಿಕ್ಕಿಗೆ ಒಂದೊಂದು, ಬಾಯಿ ತೆರೆದು, ಕೈಕಾಲು ಚೆಲ್ಲಿ ಮಲಗಿದ್ದವು. ಆಯಾ ಒಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಸದ್ದು ಮಾಡಬೇಡಿ ಎಂದು ಕಣ್ಣಲ್ಲೇ ಹೇಳಿದಳು.

ದೊಡ್ಡಮ್ಮ ಕೈಯೆತ್ತಿ ಸೂರಿನ ಕಡೆ ತೋರಿಸಹೋದಳು. ಕೈ ಅರ್ಧದಲ್ಲೇ ನಿಂತಿತು.

ಸೂರು ಬೆಳ್ಳಗಿತ್ತು. ಬಿರುಕು ಇರಲಿಲ್ಲ.

"ಇಲ್ಲೇ ಇತ್ತು," ಎಂದಳು. "ನಿನ್ನೆ ಇಲ್ಲೇ ಇತ್ತು ಕಣೆ. ನನ್ನ ಕಣ್ಣಾಣೆ."

ವಿಮೆ ಅಕ್ಕ ಮೂಲೆಯಲ್ಲಿದ್ದ ಜೇಡರಬಲೆ ತೆಗೆಯುವ ಉದ್ದನೆಯ ಕೋಲನ್ನು ಎತ್ತಿಕೊಂಡು ಅದರ ತುದಿಯನ್ನು ಸೂರಿಗೆ ತಾಗಿಸಿದಳು. ಕೆಳಗಿಳಿಸಿ ಮುಟ್ಟಿ ನೋಡಿದಳು. ಬೆರಳಿಗೆ ಬೆಳ್ಳಗೆ, ತಣ್ಣಗೆ, ಹಸಿಯಾಗಿ ಅಂಟಿತು. ಬಿಳಿ ಸಿಮೆಂಟ್. ಇನ್ನೂ ಒಣಗಿಲ್ಲ.

ಆಯಾ ಪಿಸುದನಿಯಲ್ಲಿ ಹೇಳಿದಳು. ಮಕ್ಕಳು ಬರುವ ಮುಂಚೆ ಒಬ್ಬ ಗಾರೆಯವನು ಬಂದು ಮೆತ್ತಿ ಹೋದನಂತೆ. ಸಾಹೇಬರು ಬರುತ್ತಾರಲ್ಲ, ಚೆಂದ ಕಾಣಲಿ ಎಂದು ಮಾಡಿಸಿದ್ದಾರೆ ಅಂದುಕೊಂಡಳಂತೆ.

"ಯಾರು ಕರ್ಕೊಂಡು ಬಂದ್ರು? ಮೇಷ್ಟ್ರಾ?"

"ಇಲ್ಲಮ್ಮ. ದೊಡ್ಡಮ್ಮನ ಸೊಸೆ. ಅವರೇ ಏಣಿ ಹಿಡ್ಕೊಂಡು ನಿಂತಿದ್ರು."

ದೊಡ್ಡಮ್ಮ ಆಯಾಳನ್ನು ನೋಡಿದಳು. ಕೇಳಿಸಿತೋ ಇಲ್ಲವೋ ಎಂಬಂತೆ ನೋಡಿದಳು.

ಗೋಡೆಯ ಪೈಪಿನಲ್ಲಿ ನೀರು ಏರುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಟ್ಯಾಂಕ್ ತುಂಬುತ್ತಿದೆ. ವಿಮೆ ಅಕ್ಕ ಮತ್ತೆ ತಲೆಯೆತ್ತಿದಳು. ಹಸಿ ಸಿಮೆಂಟಿನ ಮೇಲೆ, ಫ್ಯಾನಿನ ಕೊಂಡಿಯ ಬುಡದಿಂದ, ಪೆನ್ಸಿಲಿನಲ್ಲಿ ಗೀರಿದಂಥ ಒಂದು ಗೆರೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಅಕ್ಕಿಕಾಳಿನಷ್ಟು ಬಿಳಿ ಚೂರು ಉದುರಿ ಒಂದು ಮಗುವಿನ ಹೊದಿಕೆಯ ಮೇಲೆ ಬಿತ್ತು. ಮಗು ನಿದ್ದೆಯಲ್ಲೇ ಮಗ್ಗುಲು ಬದಲಿಸಿತು.

"ಮಕ್ಕಳನ್ನ ಎತ್ಕೊಳ್ಳಿ," ಎಂದಳು ವಿಮೆ ಅಕ್ಕ. ದನಿ ಏರಿಸಲಿಲ್ಲ. "ಎಲ್ಲರನ್ನೂ ಕರೀರಿ, ಎಲ್ಲಾ ಮಕ್ಕಳನ್ನೂ ಹೊರಗೆ ಬೀದಿಗೆ ಕರ್ಕೊಂಡು ಹೋಗಿ. ಮೋಟಾರ್ ನಿಲ್ಲಿಸೋಕೆ ಹೇಳಿ. ಯಂತ್ರಗಳನ್ನೂ ಬಿಟ್ಟು ಹೊರಗೆ ಬರಲಿ."

"ಯಂತ್ರ ನಿಂತ್ರೆ..." ಎಂದಳು ಆಯಾ.

"ನಿಲ್ಲಲಿ."

ಆಯಾ ತೊಡೆಯ ಮೇಲಿನ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೆಳಗೆ ಓಡಿದಳು. ಕ್ಷಣದಲ್ಲಿ ಹೆಂಗಸರು ಒದ್ದೆ ಕೈಯಲ್ಲೇ ಮೇಲೆ ಬಂದರು. ಸೂರು ನೋಡಿದರು, ಮಕ್ಕಳನ್ನು ಎತ್ತಿಕೊಂಡರು. ತನ್ನದು ಇನ್ನೊಬ್ಬರದು ಎನ್ನದೆ ಕೈಗೆ ಸಿಕ್ಕ ಮಗುವನ್ನು ಅವುಚಿಕೊಂಡು ಇಳಿದರು. ಒಂದು ಮಗು ಅಳತೊಡಗಿತು, ಅದನ್ನು ಕೇಳಿ ಇನ್ನೊಂದು. ಕೆಳಗೆ ಯಂತ್ರಗಳ ಗುಂಯ್‌ಗುಡುವಿಕೆ ಒಂದೊಂದಾಗಿ ನಿಂತಿತು. ಪೈಪಿನ ಸದ್ದೂ ನಿಂತಿತು. ಎಷ್ಟು ದಿನ ಆಸೆಪಟ್ಟು ಕಟ್ಟಿದ್ದೋ ಅದು ನಿಲ್ಲುವ ಸದ್ದು ಅದು ಎಂದು ಆ ಹೆಂಗಸರಿಗೆಲ್ಲ ಗೊತ್ತಿತ್ತು. ಒಬ್ಬಳೂ ಹಿಂದೆ ತಿರುಗಿ ನೋಡಲಿಲ್ಲ.

ದೊಡ್ಡಮ್ಮ ಒಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಮೂಲೆಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

ಮೂಲೆಯ ಜಾಗ ಖಾಲಿಯಿತ್ತು. ಪುಟ್ಟ ಚಾಪೆ ಸುತ್ತಿ ಗೋಡೆಗೆ ಒರಗಿಸಿದ ಹಾಗೇ ಇತ್ತು.

"ನಮ್ಮ ಮಗು ಎಲ್ಲಿ?"

ಮತ್ತೆ ಮೇಲೆ ಬಂದಿದ್ದ ಆಯಾ ಕೊನೆಯ ಮಗುವನ್ನು ಎತ್ತಿಕೊಳ್ಳುತ್ತ ಹೇಳಿದಳು, "ಇವತ್ತು ಬಂದೇ ಇಲ್ಲವಲ್ಲ ದೊಡ್ಡಮ್ಮ. ಜ್ವರ, ಕಳಿಸೋದಿಲ್ಲ ಅಂತ ನಿಮ್ಮ ಸೊಸೆನೇ ಬೆಳಿಗ್ಗೆ ಹೇಳಿದ್ರು."

"ಜ್ವರ ಇಲ್ಲ," ಎಂದಳು ದೊಡ್ಡಮ್ಮ. ಮಾತು ಎಲ್ಲಿಂದಲೋ ದೂರದಿಂದ ಬಂದ ಹಾಗಿತ್ತು. "ನಾನೇ ತಲೆ ಬಾಚಿ ಕಳಿಸಿದ್ದು. ಇಲ್ಲಿ ಬಿಟ್ಟು ಬರ್ತೀನಿ ಅಂತ ಅವಳು ಕರ್ಕೊಂಡು ಹೊರಟಳು."

ವಿಮೆ ಅಕ್ಕ ಸುತ್ತಿಟ್ಟ ಚಾಪೆಯ ಕಡೆ ನೋಡಿದಳು. ಸೂರು ನಂಬುವಂಥದ್ದಲ್ಲ ಎಂದು ತಿಳಿದೇ ಒಬ್ಬ ತಾಯಿ ತನ್ನ ಮಗುವನ್ನು ಮಾತ್ರ ಬೇರೆ ಕಡೆ ಬಿಟ್ಟು, ಉಳಿದವರ ಮಕ್ಕಳ ತಲೆಯ ಮೇಲಿನ ಬಿರುಕಿಗೆ ಸಿಮೆಂಟ್ ಮೆತ್ತಿಸಿದ್ದಾಳೆ. ಅದೇ ತಾಯಿ ನಿನ್ನೆ ಸಂಜೆ ಅತ್ತೆಯ ಜೊತೆ ನಿಂತು ಅಳುತ್ತ ಟಾರ್ಪಾಲು ಮಡಿಸಿದ್ದಾಳೆ. ಈ ಎರಡರ ನಡುವೆ ಯಾರೋ ಅವಳ ಹತ್ತಿರ ಏನೋ ಮಾತಾಡಿದ್ದಾರೆ.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮೇಷ್ಟ್ರ ಗಾಬರಿಯ ದನಿ ಮೊದಲು ಬಂತು. ಹಿಂದೆಯೇ ಕೈಯಲ್ಲಿ ಟೋಪಿ ಹಿಡಿದ, ಸೌಮ್ಯ ಮುಖದ ಪರಿಶೀಲನಾಧಿಕಾರಿ. ಅವರಿಗೆ ದಾರಿ ತೋರಿಸುತ್ತ ಸೊಸೆ. ಕೆಳಗೆ ಯಂತ್ರಗಳು ನಿಂತಿರುವುದು, ಹೆಂಗಸರು ಮಕ್ಕಳನ್ನು ಹೊತ್ತು ಬೀದಿಯಲ್ಲಿ ನಿಂತಿರುವುದು ಮೇಷ್ಟ್ರಿಗೆ ಅರ್ಥವಾಗಿರಲಿಲ್ಲ. ಏನಾಯ್ತು, ಏನಾಯ್ತು ಎಂದು ಕೇಳುತ್ತಲೇ ಹತ್ತಿ ಬಂದಿದ್ದರು.

ವಿಮೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಸಾರ್, ತಾರಸಿಗೆ ಹೋಗಬೇಡಿ. ಸೂರು ಬಿಡ್ತಾ ಇದೆ. ಮೊದಲು ನೀವೂ ಕೆಳಗಿಳೀರಿ."

ಅಧಿಕಾರಿ ಅಲ್ಲೇ ನಿಂತರು. ಕಣ್ಣು ಸೂರಿಗೆ ಹೋಯಿತು. ಬಾಗಿಲಿನಿಂದ ಅವರಿಗೆ ಕಂಡದ್ದು ಹೊಸದಾಗಿ ಬಳಿದ, ಬೆಳ್ಳನೆಯ ಸೂರು.

"ಇವರು ಯಾರು?" ಎಂದು ಮೇಷ್ಟ್ರ ಕಡೆ ತಿರುಗಿದರು.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಸೊಸೆ ಮುಂದೆ ಬಂದಳು. ಅವಳ ದನಿ ನಡುಗಲಿಲ್ಲ.

"ಇವರ ಮಾತು ನಂಬಬೇಡಿ ಸಾರ್. ನಿನ್ನೆ ಕೇಬಲ್ ಕತ್ತರಿಸಿದ್ದು ಇಲ್ಲೇ ನಿಂತಿದ್ದಾರಲ್ಲ, ನಮ್ಮತ್ತೆ. ಈ ಕೆಲಸ ಹಾಳಾಗಲಿ ಅಂತಲೇ ಇವತ್ತೂ ಯಂತ್ರ ನಿಲ್ಲಿಸಿರೋದು."

ದೊಡ್ಡಮ್ಮ ಹೆಗಲ ಮೇಲಿದ್ದ ಯಾರದೋ ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಸೊಸೆಯನ್ನೇ ನೋಡುತ್ತ ನಿಂತಳು.

ಸೊಸೆ ಅವಳನ್ನು ನೋಡಲಿಲ್ಲ. ಅವಳ ಕಣ್ಣು ಅತ್ತೆಯ ಹೆಗಲು ದಾಟಿ, ಮೂಲೆಯಲ್ಲಿ ಸುತ್ತಿಟ್ಟ ಪುಟ್ಟ ಚಾಪೆಯ ಮೇಲೆ ನೆಟ್ಟಿತ್ತು.